ಹದಿನೈದು ತುಂಬಿದ ಕಾರು ಮತ್ತು ನನ್ನ ಸ್ಪ್ಯಾನರು

2023ರ ಮಾರ್ಚ್ ತಿಂಗಳ ಒಂದು ಭಾನುವಾರ ನಮ್ಮ ಕಾರಿನ ಏರ್ ಫಿಲ್ಟರಿನ ಪೆಟ್ಟಿಗೆಯ ಕ್ಲಿಪ್ಪುಗಳನ್ನು ನಾನು ಮೊದಲ ಬಾರಿಗೆ ಬಿಚ್ಚಿದೆ. ಸರ್ವೀಸು ಮಾಡುವ ಯೋಚನೆಯೇನೂ ಆಗ ನನ್ನಲ್ಲಿರಲಿಲ್ಲ, ಇಲಿ ಹೊಕ್ಕಿದೆಯೇ ಎಂದು ನೋಡುವುದಷ್ಟೇ ಬೇಕಾಗಿತ್ತು. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ರಾತ್ರಿ ನಿಲ್ಲಿಸಿದ ಕಾರಿನ ಎಂಜಿನ್ ಇಲಿಗಳಿಗೆ ಬೆಚ್ಚನೆಯ ಬಿಡಾರವಾಗುತ್ತದೆ, ಅವು ವಯರುಗಳನ್ನು ಕಡಿದು ಹಾಕಿದ ಮೇಲೆ ಬೆಳಿಗ್ಗೆ ಶಾಲೆಗೆ ಹೊರಟ ನನ್ನಂಥ ಮಾಸ್ತರನು ಬಸ್ಸು ಹಿಡಿಯಬೇಕಾಗುತ್ತದೆ ಎಂಬುದು ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ಪೆಟ್ಟಿಗೆಯೊಳಗೆ ಇಲಿ ಇರಲಿಲ್ಲ. ಬೂದಿ ಬಣ್ಣದ ಧೂಳು ಮೆತ್ತಿದ, ಮಡಿಕೆಗಳ ಸಂದಿಯಲ್ಲಿ ಅಡಿಕೆ ಸಿಪ್ಪೆಯ ನಾರು ಸಿಕ್ಕಿಕೊಂಡಿದ್ದ, ಮೂಲೆಯಲ್ಲಿ ಒಣಗಿ ಹೋದ ಒಂದು ಹಲ್ಲಿಯನ್ನೂ ಹೊತ್ತಿದ್ದ ಹಳೆಯ ಫಿಲ್ಟರ್ ಇತ್ತು. ಅದಕ್ಕೂ ಎಂಟು ವಾರಗಳ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ನಾನು ಹಣ ಕೊಟ್ಟ ಬಿಲ್ಲಿನಲ್ಲಿ ಹೊಸ ಏರ್ ಫಿಲ್ಟರಿನ ಬೆಲೆಯೂ ಅದನ್ನು ಹಾಕಿದ ಕೂಲಿಯೂ ಬೇರೆ ಬೇರೆ ಸಾಲುಗಳಲ್ಲಿ ನಮೂದಾಗಿದ್ದವು.

ಬಿಲ್ಲನ್ನು ಹಿಡಿದುಕೊಂಡು ಹೋಗಿ ವಿಚಾರಿಸಿದಾಗ, ಹುಡುಗ ಮರೆತಿರಬೇಕು ಎಂಬ ಉತ್ತರ ದೊರೆಯಿತು, ಜೊತೆಗೆ ಹೊಸ ಫಿಲ್ಟರ್ ಒಂದನ್ನು ಕೈಗೆ ಕೊಟ್ಟರು. ಜಗಳವಾಡುವ ಮಾತೇ ಬರಲಿಲ್ಲ. ಆದರೆ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಫಿಲ್ಟರಿನ ಬೆಲೆಯಲ್ಲ. ಕ್ಲಿಪ್ಪು ಬಿಚ್ಚಿದರೆ ಕಾಣುವ ವಸ್ತುವಿನ ಗತಿ ಇದಾದರೆ, ಅದೇ ಬಿಲ್ಲಿನಲ್ಲಿದ್ದ ಎಂಜಿನ್ ಆಯಿಲ್, ಬ್ರೇಕ್ ಸಫಾಯಿ, ಕೂಲೆಂಟ್ ಮುಂತಾದ, ನನಗೆ ಕಾಣದ ಕೆಲಸಗಳ ಗತಿಯೇನು ಎಂಬ ಪ್ರಶ್ನೆ ಅದು.

ಕಾರು 2008ರಲ್ಲಿ ಕಾಸರಗೋಡಿನಲ್ಲಿ ನೋಂದಣಿಯಾದ, ಕೆ.ಎಲ್. 14 ಸರಣಿಯ ಮಾರುತಿ ಆಲ್ಟೊ. 796 ಸಿ.ಸಿ.ಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಆ ಹೊತ್ತಿಗೆ ಓಡಿದ್ದು 78,000 ಕಿ.ಮೀ. ಚಿಲ್ಲರೆ. ಅದೇ ವರ್ಷದ ಆಗಸ್ಟಿನಲ್ಲಿ ಅದಕ್ಕೆ ಹದಿನೈದು ತುಂಬುವುದಿತ್ತು, ತುಂಬಿದ ಮೇಲೆ ಆರ್.ಟಿ.ಒ. ಪರೀಕ್ಷೆಗೆ ಒಡ್ಡಿ ಐದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಬೇಕಾಗಿತ್ತು. ಮಾರಿಬಿಡೋಣ ಎಂದು ಮನೆಯಲ್ಲಿ ಮಾತು ಬಂದದ್ದೂ ಉಂಟು. ನಮ್ಮ ನೆಂಟರಿಷ್ಟರಲ್ಲಿ ಅರ್ಧದಷ್ಟು ಜನ ಗಡಿಯಾಚೆ ಪುತ್ತೂರು, ವಿಟ್ಲಗಳಲ್ಲಿದ್ದಾರೆ. ಕಾರು ಕೇಳಿದವರೂ ಅವರೇ. ಆದರೆ ಕೇರಳದ ಗಾಡಿಯನ್ನು ಕರ್ನಾಟಕಕ್ಕೆ ದಾಟಿಸಬೇಕಾದರೆ ನಿರಾಕ್ಷೇಪಣಾ ಪತ್ರ, ಹೊಸ ನಂಬರು, ಅಲ್ಲಿಯ ರಸ್ತೆ ತೆರಿಗೆ ಎಲ್ಲವೂ ಆಗಬೇಕು, ಅಷ್ಟೆಲ್ಲ ಮಾಡಿದರೆ ಕಾರಿನ ಬೆಲೆಗಿಂತ ಕಾಗದಪತ್ರದ ಬೆಲೆಯೇ ಹೆಚ್ಚಾದೀತು ಎಂದು ಅವರೇ ಹಿಂದೆ ಸರಿದರು. ಮನೆಯ ಮುಂದೆ ಹಾದಿ ಬದಲಿಸಿ ಎರಡು ರಾಜ್ಯಗಳ ಬಸ್ಸು ಹತ್ತುವ ನಮಗೆ ಗಡಿ ನೆನಪಾಗುವುದು ಇಂಥ ಹೊತ್ತಿನಲ್ಲೇ.

ಇರಿಸಿಕೊಳ್ಳುವುದೆಂದು ತೀರ್ಮಾನವಾದ ಮೇಲೆ ಉಳಿದದ್ದು ಅದನ್ನು ನೋಡಿಕೊಳ್ಳುವವರು ಯಾರು ಎಂಬುದು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹದಿನೈದು ವರ್ಷಗಳಿಂದ ಪ್ಲಾಸ್ಟಿಕ್ ಹೊದಿಕೆಯೊಳಗೇ ಮಲಗಿದ್ದ ಕೈಪಿಡಿಯನ್ನು ಹೊರತೆಗೆದು, ಅದರ ಕೊನೆಯಲ್ಲಿದ್ದ ನಿರ್ವಹಣಾ ಪಟ್ಟಿಯನ್ನು ಪರೀಕ್ಷೆಯ ಹಳೆಯ ಉತ್ತರ ಪತ್ರಿಕೆಯೊಂದರ ಖಾಲಿ ಹಾಳೆಗೆ ಇಳಿಸಿಕೊಂಡೆ. ಎಂಜಿನ್ ಆಯಿಲ್ ಬದಲಿಸುವುದಕ್ಕೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿತ್ತು. ನಾನು ವರ್ಷಕ್ಕೆ ಓಡಿಸುವುದು ಐದು ಸಾವಿರದ ಆಸುಪಾಸು, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೂ ಸಾಲದೇ ಎಂದು ಇದುವರೆಗೆ ನಂಬಿಕೊಂಡಿದ್ದೆ. ಅದು ತಪ್ಪು ಲೆಕ್ಕ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಎಂಜಿನ್ ಚೆನ್ನಾಗಿ ಬಿಸಿಯಾಗುವುದೇ ಇಲ್ಲ, ಒಳಗೆ ಕೂಡಿಕೊಂಡ ತೇವ ಆರಿ ಹೋಗದೆ ಆಯಿಲಿನಲ್ಲಿ ಬೆರೆಯುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದಿರುವಾಗ, ಇಂಥ ಚಿಕ್ಕ ಓಡಾಟದ ಕಾರಿಗೆ ಕಿಲೋಮೀಟರಿಗಿಂತ ತಿಂಗಳುಗಳ ಲೆಕ್ಕವೇ ಮುಖ್ಯ. ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯ ಕೆನೆಯಂತೆ ಬೆಳ್ಳಗಿನ ನೊರೆ ಮೆತ್ತಿದ್ದನ್ನು ಕಂಡಾಗ ಇದು ನನಗೆ ಮನವರಿಕೆಯಾಯಿತು.

ಉತ್ತರ ಪತ್ರಿಕೆಯ ಹಾಳೆಯಲ್ಲಿ ಪ್ರತಿಯೊಂದು ಕೆಲಸದ ಮುಂದೆ ಮೊದಲು ಬರೆದದ್ದು ದುಡ್ಡಿನ ಲೆಕ್ಕ. ವರ್ಕ್‌ಶಾಪಿನ ಕೂಲಿ ಎಷ್ಟು, ನಾನು ಮಾಡಿದರೆ ಉಳಿಯುವುದೆಷ್ಟು. ಎರಡು ದಿನ ಕಳೆದು ಆ ಹಾಳೆಯನ್ನು ಹರಿದು ಹಾಕಿದೆ, ಏಕೆಂದರೆ ಆ ಲೆಕ್ಕದ ಪ್ರಕಾರ ಅತ್ಯಂತ ಲಾಭದ ಕೆಲಸವಾಗಿ ಕಂಡದ್ದು ಬ್ರೇಕ್ ರಿಪೇರಿ. ಮತ್ತೊಂದು ಹಾಳೆಯಲ್ಲಿ ಬೇರೆ ಎರಡು ಪ್ರಶ್ನೆಗಳನ್ನು ಬರೆದುಕೊಂಡೆ. ಈ ಕೆಲಸದಲ್ಲಿ ನನ್ನ ಕೈ ತಪ್ಪಿದರೆ ಕಾರು ಹೊರಡದೆ ಉಳಿಯುತ್ತದೆಯೋ, ನಿಲ್ಲದೆ ಹೋಗುತ್ತದೆಯೋ? ಮುಗಿಸಿದ ಮೇಲೆ ಅದು ಸರಿಯಾಗಿದೆ ಎಂಬುದನ್ನು ಕಾರು ಮನೆಯ ಅಂಗಳ ಬಿಟ್ಟು ಹೊರಡುವ ಮೊದಲೇ ನನ್ನ ಕಣ್ಣಿನಿಂದ ಖಚಿತಪಡಿಸಿಕೊಳ್ಳಲು ಸಾಧ್ಯವೋ? ಹೊರಡದ ಕಾರು ಅಂಗಳದಲ್ಲಿ ನಿಂತಿರುತ್ತದೆ, ಅಷ್ಟೆ. ನಮ್ಮ ಮನೆಯಿಂದ ಮುಖ್ಯರಸ್ತೆಗೆ ಇಳಿಯುವುದು ಗುಡ್ಡೆಯ ಮೇಲಿನ ಕಡಿದಾದ ದಾರಿ, ಅದರ ಕೊನೆಗೆ ಒಂದು ತಿರುವು, ತಿರುವಿನಾಚೆ ಬಸ್ಸು ನಿಲ್ಲುವ ಜಾಗ.

ಈ ಎರಡು ಪ್ರಶ್ನೆಗಳನ್ನಿಟ್ಟುಕೊಂಡು ನೋಡಿದಾಗ ಏರ್ ಫಿಲ್ಟರ್, ವೈಪರ್, ಬ್ಯಾಟರಿಯ ತುದಿಗಳ ಸಫಾಯಿ, ಸ್ಪಾರ್ಕ್ ಪ್ಲಗ್, ಕೂಲೆಂಟಿನ ಮಟ್ಟ, ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ನನ್ನ ಪಾಲಿಗೆ ಬಂದವು. ಬ್ರೇಕ್, ಸ್ಟಿಯರಿಂಗ್, ಕ್ಲಚ್, ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ರಬ್ಬರ್ ಪಟ್ಟಿಯಾದ ಟೈಮಿಂಗ್ ಬೆಲ್ಟ್ ವರ್ಕ್‌ಶಾಪಿಗೆ ಹೋದವು. ಬ್ರೇಕ್ ಆಯಿಲ್ ಬದಲಿಸುವ ವಿಷಯದಲ್ಲಿ ನಾನು ಸ್ವಲ್ಪ ಕಾಲ ತೂಗಾಡಿದೆ. ಆ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಹೆಚ್ಚಿದಷ್ಟೂ ಅದು ಕುದಿಯುವ ಉಷ್ಣತೆ ಇಳಿಯುತ್ತದೆ, ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಕೊಳವೆಯೊಳಗೆ ಆವಿಯ ಗುಳ್ಳೆಗಳಾಗಿ ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ನಮ್ಮಂಥ ತೇವದ ಊರಿನಲ್ಲಿ ಅದನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಬದಲಿಸುವ ಕ್ರಮ ಓದಿದಾಗ ಕಷ್ಟದ್ದೆಂದು ಅನಿಸಲಿಲ್ಲ. ಆದರೆ ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಅದು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ, ಮತ್ತು ನನ್ನ ಕಾಲಿಗೆ ಆ ಅನುಭವವಿರಲಿಲ್ಲ. ಎರಡನೆಯ ಪ್ರಶ್ನೆಗೆ ಅದು ಉತ್ತರಿಸಲಾರದೆ ಹೋಯಿತು.

ಪುತ್ತೂರಿನ ಭಾವ ತಮ್ಮ ತೋಟದ ಪಂಪು, ಹುಲ್ಲು ಕೊಯ್ಯುವ ಯಂತ್ರಗಳನ್ನೆಲ್ಲ ತಾವೇ ಬಿಚ್ಚಿ ಜೋಡಿಸುವವರು. ನನ್ನ ಯೋಜನೆಯನ್ನು ಕೇಳಿ ಅವರು ನಗಲಿಲ್ಲ, "ಜಾಕಿ ಒಂದರನ್ನೇ ನಂಬೆಡ ಭಾವ" ಎಂದರು ಅಷ್ಟೆ. ಟೈರ್ ಬದಲಿಸಲು ಕೊಡುವ ಜಾಕಿ ಕಾರನ್ನು ಎತ್ತುವುದಕ್ಕಿರುವುದೇ ಹೊರತು ಎತ್ತಿ ಹಿಡಿದುಕೊಳ್ಳುವುದಕ್ಕಲ್ಲ, ಅಡಿಗೆ ಹೋಗುವವನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಭಾರ ಕೂತಿದೆಯೆಂದು ನೋಡಿಯೇ ಹೋಗಬೇಕು. ನಮ್ಮ ಅಂಗಳದಲ್ಲಿ ಮುರಕಲ್ಲಿಗೆ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿಗೆ, ಬರವಿಲ್ಲ, ಮನೆ, ಪಾಗಾರ, ಬಾವಿಕಟ್ಟೆ ಎಲ್ಲವೂ ಅದರದ್ದೇ. ನಾಲ್ಕು ಕಲ್ಲು ಪೇರಿಸಿ ಕಾರನ್ನು ಅದರ ಮೇಲೆ ಇಳಿಸುವುದನ್ನು ಈ ಸೀಮೆಯಲ್ಲಿ ನಾನೇ ನೋಡಿದ್ದೇನೆ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಮುರಕಲ್ಲು ಲೋಹದ ಒಂದು ಅಂಚಿನ ಮೇಲೆ ಭಾರ ಬಿದ್ದಾಗ ಬೆಲ್ಲದಂತೆ ಪುಡಿಯಾಗಬಹುದು, ಅದೂ ಯಾವ ಸೂಚನೆಯನ್ನೂ ಕೊಡದೆ. ಚಕ್ರ ಉರುಳದಂತೆ ಅಡ್ಡ ಇಡುವುದಕ್ಕೆ ಮಾತ್ರ ನಾನು ಅದನ್ನು ಬಳಸಿದೆ.

ಒಂದು ಜೊತೆ ಸ್ಟ್ಯಾಂಡು, ರಿಂಗ್ ಸ್ಪ್ಯಾನರಿನ ಒಂದು ಸೆಟ್ಟು, ಫಿಲ್ಟರ್ ತಿರುಗಿಸುವ ಪಟ್ಟಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚು, ಆಯಿಲ್ ಹಿಡಿಯುವ ಅಗಲ ತಟ್ಟೆ ಇವಿಷ್ಟಕ್ಕೆ ಕಾಸರಗೋಡು ಪೇಟೆಯಲ್ಲಿ ನಾನು ಕೊಟ್ಟದ್ದು ಒಂದು ಇಡೀ ಸರ್ವೀಸಿನ ಬಿಲ್ಲಿಗಿಂತ ಹೆಚ್ಚು. ಹಣ ಉಳಿಸಲೆಂದು ಈ ಕೆಲಸಕ್ಕೆ ಇಳಿಯುವವರು ಮೊದಲ ವರ್ಷ ಉಳಿತಾಯವನ್ನು ನಿರೀಕ್ಷಿಸಬಾರದು.

ಜಾಗದ ಸಮಸ್ಯೆಯೂ ಇತ್ತು. ನಮ್ಮಲ್ಲಿ ಸಮತಟ್ಟಾದ ನೆಲವೆಂದರೆ ಅಡಿಕೆ ಒಣಗಿಸುವ ಅಂಗಳ ಒಂದೇ, ಡಿಸೆಂಬರಿನಿಂದ ಏಪ್ರಿಲ್ ಮುಗಿಯುವವರೆಗೆ ಅಲ್ಲಿ ಕಾರಿಗೆ ಪ್ರವೇಶವಿಲ್ಲ. ಎಣ್ಣೆಯ ವಾಸನೆ ಹಿಡಿದ ಅಡಿಕೆಯನ್ನು ಯಾರು ಕೊಳ್ಳುತ್ತಾರೆ ಎಂಬ ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಒಣಗಿದ ಅಡಿಕೆಯನ್ನೆಲ್ಲ ಗೋಣಿಗೆ ತುಂಬಿ ಒಳಗಿಟ್ಟ ಮೇಲೆ, ಮೇ ತಿಂಗಳ ಎರಡನೆಯ ವಾರದಲ್ಲಿ ಅಂಗಳ ನನಗೆ ದೊರೆಯಿತು. ಕಾರಿನಡಿಯಲ್ಲಿ ಉದ್ದಕ್ಕೂ ಅಡಿಕೆ ಹಾಳೆಗಳನ್ನು ಹಾಸಿದೆ. ಮಲಗಿ ಜಾರುವುದಕ್ಕೂ ಚೆಲ್ಲಿದ್ದನ್ನು ಹಿಡಿಯುವುದಕ್ಕೂ ಅದಕ್ಕಿಂತ ಒಳ್ಳೆಯ ಹಾಸು ಬೇರೆ ಇಲ್ಲವೆಂಬುದು ನನ್ನ ಅಭಿಪ್ರಾಯ. ತಿಳಿ ಬಣ್ಣದ ಹಾಳೆಯ ಮೇಲೆ ಕಪ್ಪು ಆಯಿಲಿನ ಒಂದು ತೊಟ್ಟು ಬಿದ್ದರೂ ಎದ್ದು ಕಾಣುತ್ತದೆ. ಅದು ಎಷ್ಟು ಉಪಕಾರಕ್ಕೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ.

ಐದು ನಿಮಿಷ ಎಂಜಿನ್ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ನಿಲ್ಲಿಸಿದೆ. ಬೆಚ್ಚಗಿನ ಆಯಿಲ್ ತೆಳುವಾಗಿ ಹರಿಯುತ್ತದೆ, ತಳದ ಕೊಳೆಯನ್ನೂ ಜೊತೆಗೆ ಕೊಂಡೊಯ್ಯುತ್ತದೆ, ಆದರೆ ಪಕ್ಕದ ಹೊಗೆಕೊಳವೆಗೆ ಮುಂಗೈ ತಾಗಿದರೆ ಗುರುತು ಉಳಿಯುತ್ತದೆ. ನನ್ನ ಕೈಯಲ್ಲಿ ಉಳಿದಿದೆ. ಹಳೆಯ ಆಯಿಲನ್ನು ಹೊರಬಿಡುವ ಡ್ರೈನ್ ಪ್ಲಗ್ಗು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಿಂದೆ ಯಾರೋ ಉದ್ದದ ಹಿಡಿಕೆಯಿಂದ ಮೈಭಾರ ಹಾಕಿ ಬಿಗಿದಿದ್ದರು, ಅದರ ಆರು ಮೂಲೆಗಳಲ್ಲಿ ಎರಡು ಆಗಲೇ ಸವೆದು ಉರುಟಾಗಿದ್ದವು. ರಿಂಗ್ ಸ್ಪ್ಯಾನರಿಗೆ ಸುತ್ತಿಗೆಯಿಂದ ಮೆಲ್ಲನೆ ಬಡಿದು ಬಡಿದು ಬಿಡಿಸಬೇಕಾಯಿತು. ಪ್ಲಗ್ಗು ಕೂರುವ ಪಿರಿ (ತಿರುಪಿನ ಗೆರೆಗಳು) ಅದೃಷ್ಟಕ್ಕೆ ಹಾಳಾಗಿರಲಿಲ್ಲ. ಹೊಸ ಪ್ಲಗ್ಗನ್ನೂ ಹೊಸ ವಾಷರನ್ನೂ ಹಾಕಿ, ಮೊದಲು ಬರಿಗೈಯಿಂದ ಪೂರ್ತಿ ತಿರುಗಿಸಿ, ಆಮೇಲೆ ರೆಂಚು ಟಕ್ಕೆನ್ನುವವರೆಗೆ ಮಾತ್ರ ಬಿಗಿದೆ. ಇಷ್ಟು ಸಡಿಲವೇ ಎಂದು ಅನುಮಾನವಾಗುವಷ್ಟು ಕಡಿಮೆ ಬಲ ಅದು.

ಆಯಿಲ್ ಫಿಲ್ಟರಿನಲ್ಲಿ ನಾನು ಎಡವಿದೆ. ಕೆಳಗಿನಿಂದ ಕೈ ಚಾಚಿ ಹಳೆಯದನ್ನು ತಿರುಗಿಸಿ ತೆಗೆದು, ಹೊಸದರ ರಬ್ಬರ್ ಬಳೆಗೆ ಬೆರಳಿನಿಂದ ಆಯಿಲ್ ಸವರಿ, ಅದನ್ನು ಕೂರಿಸಿ, ಕೈಪಿಡಿ ಒಪ್ಪುವ ದರ್ಜೆಯ ಆಯಿಲನ್ನು ಅಳೆದು ತುಂಬಿ, ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಮಟ್ಟವನ್ನು ನೋಡಿ, ಎಂಜಿನ್ ಚಾಲೂ ಮಾಡಿದೆ. ಅರ್ಧ ನಿಮಿಷದೊಳಗೆ ಹಾಳೆಯ ಮೇಲೆ ಒಂದು ತೊಟ್ಟು, ಮತ್ತೊಂದು, ಆಮೇಲೆ ಸಣ್ಣ ಧಾರೆ. ಎಂಜಿನ್ ನಿಲ್ಲಿಸಿ ಫಿಲ್ಟರನ್ನು ಮತ್ತೆ ತೆಗೆದಾಗ ಕಾರಣ ಕಂಡಿತು. ಹಳೆಯ ಫಿಲ್ಟರಿನ ರಬ್ಬರ್ ಬಳೆ ಅದರ ಜೊತೆಗೆ ಬಾರದೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು, ಅದರ ಮೇಲೆಯೇ ನಾನು ಹೊಸದನ್ನು ಕೂರಿಸಿದ್ದೆ. ಎರಡು ಬಳೆಗಳ ನಡುವಿನಿಂದ ಒತ್ತಡದಲ್ಲಿದ್ದ ಆಯಿಲ್ ಹೊರಬರುತ್ತಿತ್ತು. ಹಾಗೆಯೇ ಶಾಲೆಗೆ ಹೊರಟಿದ್ದರೆ ದಾರಿಯಲ್ಲೇ ಆಯಿಲ್ ಬರಿದಾಗಿ ಎಂಜಿನ್ ಹಿಡಿದುಕೊಳ್ಳುತ್ತಿತ್ತು, ಆ ವಯಸ್ಸಿನ ಕಾರಿಗೆ ಅದು ಕೊನೆಯ ಪ್ರಯಾಣವೇ. ಹಳೆಯ ಬಳೆಯನ್ನು ಉಗುರಿನಿಂದ ಕಿತ್ತು, ಜಾಗವನ್ನು ಒರೆಸಿ, ಮತ್ತೆ ಹೊಸದನ್ನು ಹಾಕಿದೆ. ಈಗ ಹಳೆಯ ಫಿಲ್ಟರ್ ಕೈಗೆ ಬಂದ ಕೂಡಲೇ ಅದರಲ್ಲಿ ಬಳೆ ಇದೆಯೇ ಎಂದು ನೋಡದೆ ಮುಂದಕ್ಕೆ ಹೋಗುವುದಿಲ್ಲ. ವರ್ಕ್‌ಶಾಪಿನ ಹುಡುಗ ಮರೆತದ್ದಕ್ಕೆ ಅಷ್ಟು ದಿನ ಸಿಟ್ಟಿನಲ್ಲಿದ್ದ ನನಗೆ, ಒಂದೇ ಕಾರು, ಒಂದೇ ಕೆಲಸ, ಇಡೀ ದಿನ ಬಿಡುವು ಇದ್ದೂ ನಾನು ಮರೆತದ್ದು ಸ್ವಲ್ಪ ನಾಚಿಕೆಯ ವಿಷಯವಾಯಿತು.

ಹಳೆಯ ಆಯಿಲ್ ಸುಮಾರು ಎರಡೂವರೆ ಲೀಟರ್ ಡಬ್ಬಿಯಲ್ಲಿತ್ತು. ಹಟ್ಟಿಯ ಮಾಡಿನ ಮರಕ್ಕೆ ಬಳಿದರೆ ಗೆದ್ದಲು ಹಿಡಿಯದು ಎಂದು ಅಪ್ಪ ಹೇಳಿದರು. ಊರಿನಲ್ಲಿ ಹಲವರು ಹಾಗೆ ಮಾಡುತ್ತಾರೆ, ಮಿಕ್ಕಿದ್ದನ್ನು ಪಾಗಾರದ ಬುಡಕ್ಕೆ ಸುರಿಯುವವರೂ ಇದ್ದಾರೆ. ನಾನು ಒಪ್ಪಲಿಲ್ಲ. ನಮ್ಮ ಮನೆಯ ಕುಡಿಯುವ ನೀರು ಬರುವುದು ಅಜ್ಜನ ಕಾಲದಲ್ಲಿ ಗುಡ್ಡೆಗೆ ಅಡ್ಡಲಾಗಿ ತೋಡಿದ ಸುರಂಗದಿಂದ. ಮಳೆಗಾಲದಲ್ಲಿ ಗುಡ್ಡೆ ಕುಡಿದ ನೀರು ಮುರಕಲ್ಲಿನ ತೂತುಗಳ ಮೂಲಕ ಇಳಿದು ಬೇಸಿಗೆಯಲ್ಲಿ ಆ ಸುರಂಗದಲ್ಲಿ ಒಸರುತ್ತದೆ. ಮೇಲೆ ಸುರಿದದ್ದು ಕೆಳಗೆ ಬಂದೇ ಬರುತ್ತದೆ. ಗೇರು ತೋಟಗಳ ಮೇಲೆ ಎರಡು ದಶಕ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕವನ್ನು ಸಿಂಪಡಿಸಿದ್ದನ್ನು ಕಂಡ ಎಣ್ಮಕಜೆಯಂಥ ಗ್ರಾಮದಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಪ್ಪನೂ ಮತ್ತೆ ವಾದಿಸಲಿಲ್ಲ. ಬಳಸಿದ ಎಂಜಿನ್ ಆಯಿಲನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲೇ ಇರಿಸಿವೆ. ಡಬ್ಬಿಯನ್ನು ಮುಚ್ಚಿ, ಹಳೆಯ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಸಂಗ್ರಹಿಸಲು ಬರುವವರಿಗೆ ಕೊಡುವ ಒಂದು ವರ್ಕ್‌ಶಾಪಿಗೆ ಒಯ್ದೆ. ಇದು ಫಿಲ್ಟರ್ ಹಾಕಲು ಮರೆತ ವರ್ಕ್‌ಶಾಪಲ್ಲ, ಮುಖ್ಯರಸ್ತೆಯ ಬದಿಯಲ್ಲಿ ತಗಡಿನ ಮಾಡಿನಡಿ ಒಬ್ಬರೇ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ಕಿನದು. ನಾನು ತುಳುವಿನಲ್ಲಿ ಕೇಳಿದರೆ ಅವರು ಮಲಯಾಳದಲ್ಲಿ ಉತ್ತರಿಸುತ್ತಾರೆ, ನಡುನಡುವೆ ಕನ್ನಡವೂ ಬರುತ್ತದೆ.

ಅವರ ಅಗತ್ಯ ಮರುವಾರವೇ ಬಿತ್ತು. ಟೈರುಗಳನ್ನು ಹಿಂದುಮುಂದು ಮಾಡಲೆಂದು ಹಿಂಬದಿಯ ಎಡಚಕ್ರವನ್ನು ತೆಗೆದಾಗ, ಬ್ರೇಕ್ ಡ್ರಮ್ಮಿನ ಹಿಂದಿನ ತಗಡಿನ ಕೆಳ ಅಂಚಿನಲ್ಲಿ ಧೂಳು ಒದ್ದೆಯಾಗಿ ಮಸಿಯಂತೆ ಹಿಡಿದಿರುವುದು ಕಂಡಿತು. ಬೆರಳಿಗೆ ಜಿಡ್ಡು, ಆದರೆ ಎಂಜಿನ್ ಆಯಿಲಿನ ವಾಸನೆಯಲ್ಲ. ಬಾನೆಟ್ ತೆರೆದು ನೋಡಿದರೆ ಬ್ರೇಕ್ ಆಯಿಲಿನ ಮಟ್ಟ ತುಸು ಇಳಿದಿತ್ತು. ಚಕ್ರವನ್ನು ಹಾಗೆಯೇ ಬಿಟ್ಟು ಫೋನ್ ಮಾಡಿದೆ. ಸಂಜೆ ಬೈಕಿನಲ್ಲಿ ಬಂದ ಅವರು ಡ್ರಮ್ಮನ್ನು ಬಿಚ್ಚಿ, ಒಳಗಿನ ಚಿಕ್ಕ ಸಿಲಿಂಡರಿನ ರಬ್ಬರಿನಿಂದ ದ್ರವ ಒಸರಿ ಬ್ರೇಕ್ ಶೂವನ್ನು ನೆನೆಸಿದ್ದನ್ನು ತೋರಿಸಿದರು. "ನೋಡಿದ್ದು ಒಳ್ಳೆಯದಾಯಿತು ಮಾಷೇ, ಇಲ್ಲದಿದ್ದರೆ ಇದು ಗುಡ್ಡೆ ಇಳಿಯುವಾಗ ತಾನಾಗಿಯೇ ಹೇಳುತ್ತಿತ್ತು" ಎಂದರು. ಎರಡೂ ಬದಿಯ ಸಿಲಿಂಡರುಗಳನ್ನೂ ಶೂಗಳನ್ನೂ ಬದಲಿಸಿ, ಇಡೀ ವ್ಯವಸ್ಥೆಯ ಬ್ರೇಕ್ ಆಯಿಲನ್ನು ಹೊರಹಾಕಿ ಹೊಸದನ್ನು ತುಂಬುವಾಗ ಪೆಡಲ್ ಒತ್ತುವ ಕೆಲಸವನ್ನು ನನಗೇ ಒಪ್ಪಿಸಿದರು. ಒತ್ತಿ, ಹಿಡಿದು, ಅವರು ಹೇಳಿದಾಗ ಬಿಟ್ಟು, ಹೀಗೆ ಅರ್ಧ ಗಂಟೆ. ಹೊರಬಿದ್ದ ಹಳೆಯ ದ್ರವ ಕಡು ಚಹಾದ ಬಣ್ಣದಲ್ಲಿತ್ತು. ಜನವರಿಯ ಬಿಲ್ಲಿನಲ್ಲಿ ಬ್ರೇಕ್ ಸಫಾಯಿಗೆಂದು ಕೊಟ್ಟ ಕೂಲಿಗೆ ಯಾರೂ ಆ ಡ್ರಮ್ಮನ್ನು ತೆರೆದಿರಲಿಲ್ಲ ಎಂಬುದು ಒಳಗಿನ ಧೂಳನ್ನು ನೋಡಿದರೇ ತಿಳಿಯುತ್ತಿತ್ತು. ಗುಳ್ಳೆಯೆಲ್ಲ ಹೋದ ಪೆಡಲ್ ಕಾಲಿಗೆ ಹೇಗಿರುತ್ತದೆ ಎಂಬುದು ಈಗ ನನಗೆ ಗೊತ್ತಿದೆ. ಆದರೂ ಆ ಕೆಲಸವನ್ನು ನನ್ನ ಪಾಲಿಗೆ ಎಳೆದುಕೊಂಡಿಲ್ಲ.

ಆಗಸ್ಟಿನಲ್ಲಿ ಹೊಗೆ ತಪಾಸಣೆಯ ಪತ್ರ, ವಿಮೆ, ಅರ್ಜಿಗಳನ್ನು ಹಿಡಿದುಕೊಂಡು ಪರೀಕ್ಷೆಗೆ ಹೋದಾಗ ಅಧಿಕಾರಿ ದೀಪ, ಹಾರ್ನ್, ಟೈರ್, ಬ್ರೇಕುಗಳನ್ನು ನೋಡಿ, ಚಾಸಿ ನಂಬರನ್ನು ತಾಳೆ ಹಾಕಿ ಬಿಟ್ಟುಕೊಟ್ಟರು. ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ಕೊನೆಗೆ ಉಳಿದದ್ದು ಟೈಮಿಂಗ್ ಬೆಲ್ಟ್. ಪಟ್ಟಿಯ ಪ್ರಕಾರ ಅದನ್ನು ಬದಲಿಸಬೇಕಾದದ್ದು 1,00,000 ಕಿ.ಮೀ. ಆದಾಗ, ನನ್ನ ಕಾರಿಗೆ ಇನ್ನೂ ಇಪ್ಪತ್ತು ಸಾವಿರ ಬಾಕಿಯಿತ್ತು. ಆದರೆ ಆಯಿಲಿನ ವಿಷಯದಲ್ಲಿ ಕಲಿತ ಪಾಠ ಇಲ್ಲಿಯೂ ಅನ್ವಯಿಸಬೇಕಲ್ಲವೇ, ರಬ್ಬರಿಗೆ ವಯಸ್ಸಾಗುವುದಕ್ಕೆ ಓಡಲೇಬೇಕೆಂದೇನೂ ಇಲ್ಲವಲ್ಲ ಎಂದು ಮೆಕ್ಯಾನಿಕ್ಕನ್ನು ಕೇಳಿದೆ. ಮುಚ್ಚಳ ತೆಗೆದು ನೋಡೋಣ ಎಂದರು. ಓಣಂ ರಜೆಯ ಒಂದು ಬೆಳಿಗ್ಗೆ ಅವರ ತಗಡಿನ ಮಾಡಿನಡಿ ನಿಂತು, ನಾನು ಎಂದಿಗೂ ಕೈ ಹಾಕಲಾರೆನೆಂದು ತೀರ್ಮಾನಿಸಿದ್ದ ಆ ಕೆಲಸವನ್ನು ಪೂರ್ತಿ ನೋಡಿದೆ. ಬೆಲ್ಟ್ ಸುತ್ತುವ ಹಲ್ಲುಗಾಲಿಗಳ ಮೇಲಿನ ಗುರುತುಗಳನ್ನು ಅವರು ಸುಣ್ಣದ ಕಡ್ಡಿಯಿಂದ ಮತ್ತೆ ಮತ್ತೆ ತಿದ್ದಿ, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಗುರುತುಗಳು ಮರಳಿ ಒಂದಕ್ಕೊಂದು ಕೂಡಿದ ಮೇಲಷ್ಟೇ ಮುಚ್ಚಳ ಹಾಕಿದರು. ಹಳೆಯ ಬೆಲ್ಟನ್ನು ಹಿಮ್ಮುಖವಾಗಿ ಬಗ್ಗಿಸಿ ನನ್ನ ಕೈಗೆ ಕೊಟ್ಟಾಗ ಹಲ್ಲುಗಳ ಬುಡದಲ್ಲೆಲ್ಲ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಅದನ್ನು ಮನೆಗೆ ತಂದಿದ್ದೆ. ಅಪ್ಪ ಈಗ ಅದರಿಂದ ಸುರಂಗದ ನೀರಿನ ಕೊಳವೆಯನ್ನು ಅಡಿಕೆ ಮರಕ್ಕೆ ಕಟ್ಟಿದ್ದಾರೆ.